ಹಲ್ಲಿಗೆ ಜಾರಬೇಕು, ರಿಂಗಿಗೆ ಹಿಡಿಯಬೇಕು: ಗೇರ್ ಆಯಿಲ್ ಬದಲಿಸಿದರೆ ಲಿವರ್‌ಗೆ ಏನಾಗುತ್ತದೆ

ಗೇರ್ ಆಯಿಲ್ ಬದಲಿಸಿದ ಮರುದಿನ ಹತ್ತು ಜನರನ್ನು ಕೇಳಿ ನೋಡಿ. ಒಂಬತ್ತು ಜನ "ಬೆಣ್ಣೆ ಥರ ಬೀಳ್ತಿದೆ" ಅನ್ನುತ್ತಾರೆ. ಅದರಲ್ಲಿ ಎಷ್ಟು ಎಣ್ಣೆಯ ಗುಣ, ಎಷ್ಟು ಖರ್ಚು ಮಾಡಿದ ದುಡ್ಡಿನ ಗುಣ ಎಂದು ಬಿಡಿಸಿ ನೋಡುವುದು ಇವತ್ತಿನ ಕೆಲಸ. ಎಣ್ಣೆಯಿಂದ ಬದಲಾಗುವುದು ಕೆಲವು ಸಂಗತಿಗಳು ಮಾತ್ರ. ಆದರೆ ಅವು ನಿಜಕ್ಕೂ ಬದಲಾಗುತ್ತವೆ.

ಮಾತಿಗೆ ಒಂದು ಕಾರು ಬೇಕಲ್ಲ, ಮಜ್ದಾ ಎಂಎಕ್ಸ್-5 ಇಟ್ಟುಕೊಳ್ಳೋಣ. ಅಮೆರಿಕದಲ್ಲಿ ಅದಕ್ಕೆ ಮಿಯಾಟಾ ಅಂತ ಹೆಸರು. ಮಜ್ದಾ ಅಂದ ಕೂಡಲೇ ನಮ್ಮಲ್ಲಿ ಎಷ್ಟೋ ಜನಕ್ಕೆ ಸ್ವರಾಜ್ ಮಜ್ದಾ ಮಿನಿ ಬಸ್ಸೇ ಕಣ್ಣಿಗೆ ಬರುತ್ತದೆ. ಇದು ಅದೇ ಹಿರೋಷಿಮಾದ ಕಂಪನಿ 1989ರ ಫೆಬ್ರವರಿಯಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ತೋರಿಸಿದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಇದನ್ನೇ ಆರಿಸಲು ಕಾರಣವಿದೆ. ಎಂಜಿನ್ ಮುಂದೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸ್‌ನ ತಲೆಯ ಮೇಲೆಯೇ ಕೂತಿದೆ. ಮುಂದಿನ ಚಕ್ರ ಓಡಿಸುವ ಕಾರುಗಳಲ್ಲಿ ನಡುವೆ ಬರುವ ಕೇಬಲ್ಲುಗಳು ಇಲ್ಲಿಲ್ಲ. ಹಾಗಾಗಿ ಒಳಗೆ ಏನಾದರೂ ಕೈಗೆ ಗೊತ್ತಾಗುತ್ತದೆ.

ಈಗ ಆ ಕೈಗೆ ಗೊತ್ತಾಗುವುದು ಏನು? ಲಿವರ್‌ನ ಬುಡದ ಬುಷ್‌ನಲ್ಲಿ ಎಷ್ಟು ಆಟ ಇದೆ ಎನ್ನುವುದು ಒಂದು. ಒಳಗಿನ ಸರಳುಗಳನ್ನು ಜಾಗದಲ್ಲಿ ಹಿಡಿಯುವ ಸ್ಪ್ರಿಂಗು, ಗುಂಡುಗಳು "ಟಕ್" ಅನ್ನುವುದು ಇನ್ನೊಂದು. ಈ ಎರಡಕ್ಕೂ ಎಣ್ಣೆಗೂ ಹೆಚ್ಚು ಸಂಬಂಧವಿಲ್ಲ. ಲಿವರ್ ಗಂಜಿಯೊಳಗಿನ ಸೌಟಿನಂತೆ ಅಲ್ಲಾಡುತ್ತಿದ್ದರೆ ಲೀಟರಿಗೆ ಎರಡು ಸಾವಿರದ ಎಣ್ಣೆ ಸುರಿದರೂ ಅದು ಅಲ್ಲಾಡುತ್ತಲೇ ಇರುತ್ತದೆ. ಎಣ್ಣೆ ಕೈ ಹಾಕುವುದು ಉಳಿದ ಎರಡರಲ್ಲಿ. ಸಿಂಕ್ರೊ ರಿಂಗ್ ಗೇರಿನ ವೇಗವನ್ನು ಹೊಂದಿಸಲು ತೆಗೆದುಕೊಳ್ಳುವ ಹೊತ್ತು, ಮತ್ತು ಒಳಗೆ ತಿರುಗುವ ಎಲ್ಲದಕ್ಕೂ ಎಣ್ಣೆ ಒಡ್ಡುವ ತಡೆ.

ಸಿಂಕ್ರೊ ಹೇಗೆ ಕೆಲಸ ಮಾಡುತ್ತದೆ ಅನ್ನುವಲ್ಲಿ ಸ್ವಲ್ಪ ನಿಲ್ಲಬೇಕು. ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ. ತಿರುಗುತ್ತಿರುವ ಕುಂಬಾರನ ತಿಗರಿಯನ್ನು ಅಂಗೈ ಒತ್ತಿ ನಿಲ್ಲಿಸುವುದನ್ನು ನೆನೆಸಿಕೊಳ್ಳಿ. ಒಣ ಕೈಯಾದರೆ ಬೇಗ ನಿಲ್ಲುತ್ತದೆ, ಕೆಸರು ಕೈಯಾದರೆ ಜಾರುತ್ತದೆ. ಗೇರಿನ ಪಕ್ಕದಲ್ಲಿ ಉಕ್ಕಿನ ಒಂದು ಕೋನ್ ಇದೆ, ಅದರ ಮೇಲೆ ಹಿತ್ತಾಳೆ ಬಣ್ಣದ ರಿಂಗ್ ಕೂರುತ್ತದೆ. ನೀವು ಲಿವರ್ ತಳ್ಳಿದಾಗ ಸ್ಲೀವ್ ಎಂಬ ಜಾರುವ ಬಳೆ ಆ ರಿಂಗನ್ನು ಕೋನ್‌ಗೆ ಒತ್ತುತ್ತದೆ. ರಿಂಗಿನ ಒಳಮೈಯಲ್ಲಿ ಸಣ್ಣ ಗೀರುಗಳಿವೆ. ಅವು ಎಣ್ಣೆಯ ಪೊರೆಯನ್ನು ಕತ್ತರಿಸಿ ಆಚೆ ತಳ್ಳಬೇಕು, ಆಗ ಲೋಹಕ್ಕೆ ಲೋಹ ಹಿಡಿದು ವೇಗ ಒಂದಾಗುತ್ತದೆ. ಅಲ್ಲಿಯವರೆಗೆ ರಿಂಗ್ ಕೊಂಚ ಪಕ್ಕಕ್ಕೆ ತಿರುಗಿ ನಿಂತು ತನ್ನ ಹಲ್ಲುಗಳಿಂದ ಸ್ಲೀವ್‌ನ ದಾರಿಗೆ ಅಡ್ಡ ಹಾಕಿರುತ್ತದೆ. ವೇಗ ಒಂದಾದ ಕ್ಷಣ ರಿಂಗ್ ಸಡಿಲವಾಗಿ ದಾರಿ ಬಿಡುತ್ತದೆ, ಗೇರ್ ಬೀಳುತ್ತದೆ.

ರಿಂಗನ್ನು ಹಾಗೆ ತಿರುಗಿಸಿ ಹಿಡಿದಿಟ್ಟಿರುವುದು ಆ ಘರ್ಷಣೆಯೇ, ಬೇರೆ ಯಾವ ಬೀಗವೂ ಅಲ್ಲ. ಘರ್ಷಣೆ ಸಾಲದಿದ್ದರೆ ಗೇರ್ ಬರೀ ತಡವಾಗಿ ಬಿದ್ದು ಸುಮ್ಮನಾಗುವುದಿಲ್ಲ. ನಿಮ್ಮ ಕೈಯ ಒತ್ತಡವೇ ಗೆದ್ದು, ವೇಗ ಹೊಂದುವ ಮೊದಲೇ ಸ್ಲೀವ್ ನುಗ್ಗಿ ಗೇರಿನ ಹಲ್ಲಿಗೆ ಬಡಿಯುತ್ತದೆ. ನಾವು ಕೇಳುವ "ಕರ್‌ರ್" ಶಬ್ದ ಅದೇ. ಘರ್ಷಣೆ ಅತಿಯಾದರೆ ಮತ್ತೊಂದು ತೊಂದರೆ. ವೇಗ ಒಂದಾದ ಮೇಲೂ ರಿಂಗ್ ಕೋನ್‌ಗೆ ಅಂಟಿಕೊಂಡಿರುತ್ತದೆ, ಲಿವರ್ ಅರ್ಧ ದಾರಿಯಲ್ಲಿ ಒಮ್ಮೆ ಎಡವಿ ಮುಂದೆ ಹೋಗುತ್ತದೆ. ಎಣ್ಣೆಯ ಪಾಡು ನೋಡಿ: ಗೇರಿನ ಹಲ್ಲುಗಳ ನಡುವೆ ಅದು ಜಾರಬೇಕು, ಅಲ್ಲಿಂದ ಒಂದು ಅಂಗುಲ ಆಚೆ ರಿಂಗಿನ ಬಳಿ ಜಾರಬಾರದು. ಒಂದೇ ಡಬ್ಬಿಯ ಎಣ್ಣೆಗೆ ಎರಡು ವಿರುದ್ಧ ಕೆಲಸ.

ಎಲ್ಲರ ದೂರೂ ಎರಡನೇ ಗೇರಿನ ಮೇಲೇ ಯಾಕೆ ಅಂತ ಕೇಳುತ್ತೀರಿ. ಲೆಕ್ಕ ಹಾಕೋಣ. ಮೊದಲ ತಲೆಮಾರಿನ ಎಂಎಕ್ಸ್-5ರ ಐದು ಗೇರಿನ ಪೆಟ್ಟಿಗೆಯಲ್ಲಿ ಅನುಪಾತಗಳು (ಹೊರಹೋಗುವ ಶಾಫ್ಟ್ ಒಂದು ಸುತ್ತು ತಿರುಗಲು ಒಳಬರುವ ಶಾಫ್ಟ್ ತಿರುಗಬೇಕಾದ ಸುತ್ತು) 3.136, 1.888, 1.330, 1.000, 0.814. 6,000 ಆರ್‌ಪಿಎಂನಲ್ಲಿ ಒಂದರಿಂದ ಎರಡಕ್ಕೆ ಹಾಕಿದರೆ ಕ್ಲಚ್ ಪ್ಲೇಟು ಮತ್ತು ಅದರಿಂದ ಗೇರ್‌ಬಾಕ್ಸ್‌ಗೆ ಹೋಗುವ ಇನ್‌ಪುಟ್ ಶಾಫ್ಟ್ ಸುಮಾರು 3,610ಕ್ಕೆ ಇಳಿಯಬೇಕು, ಅಂದರೆ 2,400ರಷ್ಟು ಕುಸಿತ. ನಾಲ್ಕರಿಂದ ಐದಕ್ಕೆ ಹಾಕಿದರೆ ಕುಸಿತ ಬರೀ 1,100ರ ಆಸುಪಾಸು. ರಿಂಗ್ ನುಂಗಬೇಕಾದ ಶಕ್ತಿ ಈ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಎರಡನೇ ಗೇರಿನ ರಿಂಗಿಗೆ ಐದನೆಯದಕ್ಕಿಂತ ನಾಲ್ಕೂವರೆ ಪಟ್ಟು ಹೊರೆ. ಎರಡನೇ ತಲೆಮಾರಿನ ಆರು ಗೇರಿನ ಪೆಟ್ಟಿಗೆಯಲ್ಲಿ ಒಂದು 3.760, ಎರಡು 2.269. ಹಾಕಿ ನೋಡಿ, ಕುಸಿತ ಹೆಚ್ಚು ಕಡಿಮೆ ಅಷ್ಟೇ. ಒಂದು ಗೇರ್ ಹೆಚ್ಚಾದರೂ ಎರಡನೆಯದಕ್ಕೆ ಬಿಡುವು ಸಿಕ್ಕಿಲ್ಲ. ಎಣ್ಣೆ ಸರಿಯಿಲ್ಲದಿದ್ದರೆ ಮೊದಲು ಕೂಗುವುದು ಅದೇ.

ಇನ್ನು ಎಣ್ಣೆಯ ಗಟ್ಟಿತನ. ಕೊಬ್ಬರಿ ಎಣ್ಣೆ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಕಲ್ಲಾಗುವುದು ನಮಗೆ ಹೊಸದಲ್ಲ. ಗೇರ್ ಆಯಿಲ್ ಕಲ್ಲಾಗುವುದಿಲ್ಲ, ಆದರೆ ದಾರಿ ಅದೇ. ಡಬ್ಬಿಯ ಮೇಲಿನ ಮೊದಲ ಅಂಕಿ ಚಳಿಯ ಗಟ್ಟಿತನದ್ದು, ಎರಡನೆಯದು ಬಿಸಿಯದ್ದು. ಸಾಮಾನ್ಯ 80ಡಬ್ಲ್ಯೂ-90 ಖನಿಜ ತೈಲ 100 ಡಿಗ್ರಿಯಲ್ಲಿ 15 ಸೆಂಟಿಸ್ಟೋಕ್‌ನ (ಗಟ್ಟಿತನದ ಅಳತೆ) ಆಸುಪಾಸಿನಲ್ಲಿದ್ದರೆ 40 ಡಿಗ್ರಿಯಲ್ಲಿ 140ರ ಸುತ್ತಮುತ್ತ ಇರುತ್ತದೆ. ಸಿಂಥೆಟಿಕ್ 75ಡಬ್ಲ್ಯೂ-90 ಬಿಸಿಯಲ್ಲಿ ಅಷ್ಟೇ ಇದ್ದು, 40 ಡಿಗ್ರಿಯಲ್ಲಿ 100ರ ಸುಮಾರಿಗೆ ನಿಲ್ಲುತ್ತದೆ. ಚಳಿ ಹೆಚ್ಚಿದಂತೆ ಈ ಅಂತರ ಹಿಗ್ಗುತ್ತಾ ಹೋಗುತ್ತದೆ. ಗಟ್ಟಿ ಎಣ್ಣೆಯ ಪೊರೆಯನ್ನು ರಿಂಗಿನ ಗೀರುಗಳು ಬೇಗ ಕತ್ತರಿಸಲಾರವು. ಅದಕ್ಕೇ ಬೆಳಿಗ್ಗೆ ಹೊರಟ ಮೊದಲ ಕೆಲವು ನಿಮಿಷ ಎರಡನೇ ಗೇರ್ ಮುಷ್ಕರ ಹೂಡುತ್ತದೆ. ಎಂಜಿನ್ನಿನ ಉಷ್ಣಾಂಶದ ಮುಳ್ಳು ನಡುವಿಗೆ ಬಂತು ಅಂತ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂದುಕೊಳ್ಳಬೇಡಿ. ಅದಕ್ಕೆ ಬಿಸಿ ಮಾಡುವ ನೀರಿಲ್ಲ, ತನ್ನ ಕೆಲಸದಿಂದಲೇ ಬಿಸಿಯಾಗಬೇಕು. ಹದಿನೈದು ಇಪ್ಪತ್ತು ನಿಮಿಷ ಓಡಬೇಕು.

ಗಟ್ಟಿ ಎಣ್ಣೆಯಲ್ಲಿ ಇನ್ನೊಂದು ವಿಚಿತ್ರ. ಗೇರ್ ಏರಿಸುವಾಗ ಇನ್‌ಪುಟ್ ಶಾಫ್ಟ್ ನಿಧಾನವಾಗಬೇಕು, ಅದಕ್ಕೆ ಎಣ್ಣೆಯ ತಡೆ ಸಹಾಯವೇ ಮಾಡುತ್ತದೆ. ಇಳಿಸುವಾಗ ಶಾಫ್ಟ್ ವೇಗ ಹೆಚ್ಚಬೇಕು, ಆಗ ಅದೇ ತಡೆ ಎದುರು ನಿಲ್ಲುತ್ತದೆ. ಆದ್ದರಿಂದ ನಿಮ್ಮ ದೂರು ಏರಿಸುವಾಗಿನದ್ದೋ ಇಳಿಸುವಾಗಿನದ್ದೋ ಅಂತ ಬೇರೆ ಮಾಡಿ ಹೇಳಿ. ತಣ್ಣಗಿದ್ದಾಗ ಮೂರರಿಂದ ಎರಡಕ್ಕೆ ಇಳಿಯುವುದೇ ಕಷ್ಟ, ಏರುವುದು ಸಲೀಸು ಅಂದರೆ ಎಣ್ಣೆ ಗಟ್ಟಿ ಎಂಬ ಅನುಮಾನಕ್ಕೆ ಬಲ ಬಂತು. ಬಿಸಿಯಾದ ಮೇಲೂ ಏರಿಸುವಾಗ ಕರಕರ ಅಂದರೆ ಗಟ್ಟಿತನದ ಮಾತಲ್ಲ. ಎಣ್ಣೆಯ ಜಾರುಗುಣ ಹೆಚ್ಚಿದೆ, ಇಲ್ಲವೇ ರಿಂಗ್ ಸವೆದಿದೆ.

ಡಬ್ಬಿಯ ಮೇಲಿನ ಅಂಕಿ ನೋಡಿ ಹೆದರುವವರಿಗೆ ಒಂದು ಮಾತು. ಗೇರ್ ಆಯಿಲ್‌ನ 90, ಎಂಜಿನ್ ಆಯಿಲ್‌ನ 40ಕ್ಕಿಂತ ಎರಡು ಪಟ್ಟು ಗಟ್ಟಿ ಅಲ್ಲ. ಎರಡೂ ಬೇರೆ ಬೇರೆ ಅಳತೆಗೋಲು. ಬಿಸಿಯಾದಾಗ 75ಡಬ್ಲ್ಯೂ-90 ಹೆಚ್ಚು ಕಡಿಮೆ 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ಇರುತ್ತದೆ. ಹಿಂದೆ ಹೋಂಡಾ ತನ್ನ ಕಾರುಗಳ ಗೇರ್‌ಬಾಕ್ಸ್‌ಗೆ ಎಂಜಿನ್ ಆಯಿಲನ್ನೇ ಹೇಳುತ್ತಿತ್ತು. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ.

ಹೆಚ್ಚು ಜಗಳ ನಡೆಯುವುದು ಜಿಎಲ್-4, ಜಿಎಲ್-5 ಮೇಲೆ. ಇವು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ಕೊಟ್ಟ ದರ್ಜೆಗಳು. ಐದು ನಾಲ್ಕಕ್ಕಿಂತ "ಮೇಲಿನ ಕ್ಲಾಸು" ಎಂದು ತಿಳಿಯಬೇಡಿ. ಜಿಎಲ್-5 ಇರುವುದು ಡಿಫರೆನ್ಷಿಯಲ್‌ನ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ) ಹೈಪಾಯ್ಡ್ ಗೇರಿಗಾಗಿ. ಅಲ್ಲಿ ಹಲ್ಲಿನ ಮೇಲೆ ಹಲ್ಲು ಜಾರಿಕೊಂಡೇ ಹೋಗುತ್ತದೆ, ಹಾಗಾಗಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಜಿಎಲ್-4ರ ಸುಮಾರು ಎರಡರಷ್ಟು ಹಾಕುತ್ತಾರೆ. ಅವು ಒತ್ತಡ ಬಿದ್ದಲ್ಲಿ ಲೋಹದ ಮೇಲೆ ಜಾರುವ ಪದರ ಕಟ್ಟುತ್ತವೆ. ಡಿಫರೆನ್ಷಿಯಲ್‌ಗೆ ಅದು ವರ, ಸಿಂಕ್ರೊ ರಿಂಗಿಗೆ ಅದೇ ಶಾಪ. ಜಿಎಲ್-5 ಹಿತ್ತಾಳೆಯನ್ನು ತಿಂದುಹಾಕುತ್ತದೆ ಎನ್ನುವ ಮಾತೂ ಇದೆ. ಅದು ಅರ್ಧ ಸತ್ಯ. ತಾಮ್ರದ ಪಟ್ಟಿಯನ್ನು ಎಣ್ಣೆಯಲ್ಲಿ 121 ಡಿಗ್ರಿಗೆ ಕಾಯಿಸಿ 3 ಗಂಟೆ ಇಟ್ಟು ಬಣ್ಣ ನೋಡುವ ಪರೀಕ್ಷೆಯನ್ನು ಆ ಎಣ್ಣೆಗಳೂ ದಾಟಿ ಬರುತ್ತವೆ. ಮಜ್ದಾದ ಕೈಪಿಡಿಯೇ ಮೊದಲೆರಡು ತಲೆಮಾರಿನ ಎಂಎಕ್ಸ್-5ಗೆ ಜಿಎಲ್-4 ಅಥವಾ ಜಿಎಲ್-5, 75ಡಬ್ಲ್ಯೂ-90 ಎನ್ನುತ್ತದೆ. ಹಾಕಿದ ತಕ್ಷಣ ಪೆಟ್ಟಿಗೆ ಹಾಳಾಗುವುದಿಲ್ಲ. ಆದರೆ ನಮ್ಮ ವಿಷಯ ಬಾಳಿಕೆಯಲ್ಲ, ಕೈಗೆ ಸಿಗುವ ಅನುಭವ. ಅದರಲ್ಲಿ ಜಿಎಲ್-4 ಮುಂದೆ, ಅದರಲ್ಲೂ ಸಿಂಕ್ರೊಗೆ ಅಂತಲೇ ಮಾಡಿದ ಜಿಎಲ್-4. ರೆಡ್ ಲೈನ್ ಕಂಪನಿಯ ಎಂಟಿ-90 ಆ ಜಾತಿಯದ್ದು. ಅದರ ತಮ್ಮ ಎಂಟಿಎಲ್ ಇನ್ನೂ ತೆಳು, 75ಡಬ್ಲ್ಯೂ-80.

ಡಬ್ಬಿಯ ಮೇಲೆ "ಜಿಎಲ್-4/ಜಿಎಲ್-5" ಎಂದು ಎರಡೂ ಬರೆದಿದ್ದರೆ ಅದನ್ನು ಜಿಎಲ್-5 ಎಂದೇ ಓದಿಕೊಳ್ಳಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಈ ನಿಯಮ ಎಲ್ಲ ಕಾರಿಗೂ ಒಂದೇ ಅಲ್ಲ. ಸುಬಾರು ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್‌ನಲ್ಲಿ ಮುಂದಿನ ಹೈಪಾಯ್ಡ್ ಡಿಫರೆನ್ಷಿಯಲ್ ಗೇರ್‌ಬಾಕ್ಸ್‌ನ ಹೊಟ್ಟೆಯಲ್ಲೇ ಇದೆ, ಎರಡಕ್ಕೂ ಒಂದೇ ಎಣ್ಣೆ. ಅಲ್ಲಿ ಜಿಎಲ್-5 ಕಡ್ಡಾಯ. ಮಿಯಾಟಾದವರ ಮಾತು ಕೇಳಿ ಬರೀ ಜಿಎಲ್-4 ಹಾಕಿದರೆ ಲಿವರ್ ಹಗುರಾದೀತು, ಡಿಫರೆನ್ಷಿಯಲ್ ಹಲ್ಲು ಉದುರೀತು. ಇನ್ನೊಂದು ತುದಿಯಲ್ಲಿ ಟ್ರೆಮೆಕ್ ಟಿ-56 ಇದೆ, ಅಮೆರಿಕದ ದೊಡ್ಡ ಎಂಜಿನ್ನಿನ ಸ್ಪೋರ್ಟ್ಸ್ ಕಾರುಗಳ ಪೆಟ್ಟಿಗೆ. ಅದಕ್ಕೆ ಬೇಕಾದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಎಟಿಎಫ್! ರಿಂಗಿನ ಒಳಮೈಗೆ ಯಾವ ವಸ್ತು ಹಚ್ಚಿದ್ದಾರೆ ಎನ್ನುವುದೇ ಎಣ್ಣೆಯನ್ನು ತೀರ್ಮಾನಿಸುತ್ತದೆ. ಬರೀ ಹಿತ್ತಾಳೆಯಾದರೆ ಒಂದು, ಕಾಗದದಂಥ ಲೈನಿಂಗ್ ಆದರೆ ಇನ್ನೊಂದು, ಕಾರ್ಬನ್ ಆದರೆ ಮತ್ತೊಂದು. ನಮ್ಮೂರ ಗ್ಯಾರೇಜುಗಳಲ್ಲಿ ಎಲ್ಲ ಗಾಡಿಗೂ "90 ಆಯಿಲ್" ಎಂದು ಒಂದೇ ಡ್ರಮ್ಮಿನಿಂದ ಸುರಿಯುವ ರೂಢಿ ಲಾರಿ, ಟ್ರ್ಯಾಕ್ಟರುಗಳ ಕಾಲದ್ದು. 75ಡಬ್ಲ್ಯೂ-80 ಕೇಳುವ ಈಗಿನ ಹ್ಯಾಚ್‌ಬ್ಯಾಕ್‌ಗೆ ಅದನ್ನು ಹಾಕಿಸಿಕೊಂಡು, ಚಳಿಗಾಲದಲ್ಲಿ ಗೇರ್ ಬೀಳೋಲ್ಲ ಅಂದರೆ ತಪ್ಪು ಗೇರ್‌ಬಾಕ್ಸ್‌ನದ್ದಲ್ಲ.

ಎಣ್ಣೆ ಬದಲಿಸುವ ಮೊದಲು ಕ್ಲಚ್ ಪರೀಕ್ಷೆ ಮಾಡಿ. ಇದನ್ನು ಬಿಟ್ಟವರು ಎಣ್ಣೆ ಮೇಲೆ ಎಣ್ಣೆ ಬದಲಿಸುತ್ತಾ ದುಡ್ಡು ಕಳೆಯುತ್ತಾರೆ. ಎಂಜಿನ್ ನಿಲ್ಲಿಸಿ ಎಲ್ಲ ಗೇರ್ ಹಾಕಿ ನೋಡಿ. ಸಲೀಸಾಗಿ ಬೀಳುತ್ತಿವೆಯೇ? ಈಗ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಹತ್ತು ಎಣಿಸಿ ರಿವರ್ಸ್‌ಗೆ ತಳ್ಳಿ. ಅಷ್ಟು ಹೊತ್ತಿಗೆ ಒಳಗಿನ ಶಾಫ್ಟ್ ನಿಂತಿರಬೇಕು. ಆಗಲೂ ಕರ್‌ರ್ ಅಂದರೆ ಕ್ಲಚ್ ಪೂರ್ತಿ ಬಿಡಿಸುತ್ತಿಲ್ಲ. ಎಂಎಕ್ಸ್-5ರಲ್ಲಿ ಕ್ಲಚ್‌ನ ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಸಣ್ಣ ಸಿಲಿಂಡರ್) ಸೋರುವುದು ತೀರಾ ಸಾಮಾನ್ಯ. ಗೇರ್‌ಬಾಕ್ಸ್ ಪಕ್ಕದಲ್ಲಿರುವ ಅದರ ರಬ್ಬರ್ ಟೊಪ್ಪಿಗೆ ಎತ್ತಿ ನೋಡಿ, ಒದ್ದೆಯಿದ್ದರೆ ಕಳ್ಳ ಸಿಕ್ಕ. ಕ್ಲಚ್‌ನ ಬ್ರೇಕ್ ಫ್ಲೂಯಿಡ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೂ ಮೊದಲು ಅದನ್ನು ಬದಲಿಸಿ.

ಕ್ಲಚ್ ಸರಿಯಿದೆ ಅಂತಾದರೆ ಕೆಲಸಕ್ಕೆ ಇಳಿಯೋಣ. ಐದು ಗೇರಿನ ಪೆಟ್ಟಿಗೆಗೆ 2 ಲೀಟರ್, ಆರು ಗೇರಿನದ್ದಕ್ಕೆ 1.75 ಲೀಟರ್ ಬೇಕು. ಐದು ಗೇರಿನದ್ದಾದರೆ ಮೂರು ಲೀಟರ್ ತನ್ನಿ, ಕಾರಣ ಮುಂದೆ ಬರುತ್ತದೆ. 24 ಮಿ.ಮೀ. ಸಾಕೆಟ್, ಆರು ಮೂಲೆಯದ್ದೇ ಆಗಲಿ. ಹನ್ನೆರಡು ಮೂಲೆಯದ್ದು ಪ್ಲಗ್‌ನ ಅಂಚು ಸವೆಸಿಬಿಡುತ್ತದೆ. ಎರಡು ಹೊಸ ವಾಷರ್, ಒಂದು ಆಲಿಕೆ, ಎರಡು ಮೀಟರ್ ಪಾರದರ್ಶಕ ಪೈಪು. ಕಾರನ್ನು ಕಾಲು ಗಂಟೆ ಓಡಿಸಿ ತಂದು ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮತಟ್ಟಾಗಿ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಮುಂಭಾಗ ಮಾತ್ರ ಎತ್ತಿದರೆ ಎಣ್ಣೆಯ ಮಟ್ಟ ತಪ್ಪಾಗುತ್ತದೆ.

ಮೊದಲು ಪಕ್ಕದಲ್ಲಿರುವ ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನ ಡ್ರೇನ್ ಪ್ಲಗ್. ಈ ಕ್ರಮ ತಪ್ಪಿದರೆ, ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ಜಪ್ಪಯ್ಯ ಅಂದರೂ ಬಿಚ್ಚದೆ, ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಎಣ್ಣೆ ಹನಿ ಹನಿಯಾಗುವವರೆಗೆ ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಡ್ರೇನ್ ಪ್ಲಗ್ ತುದಿಯ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆ ಗಸಿ ಇದ್ದರೆ ಚಿಂತೆಯಿಲ್ಲ, ಒರೆಸಿ ಹಾಕಿ. ಉಗುರಿಗೆ ಸಿಗುವಂಥ ಉಕ್ಕಿನ ಚೂರು ಇದ್ದರೆ ಹಲ್ಲು ಅಥವಾ ಬೇರಿಂಗ್ ಮುರಿದಿದೆ. ರಿಂಗಿನ ಪುಡಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಎಣ್ಣೆಯಲ್ಲೇ ಹುಡುಕಬೇಕು. ಹಳೆಯ ಎಣ್ಣೆಯನ್ನು ಬಿಸಿಲಿಗೆ ಹಿಡಿದು ಅಲ್ಲಾಡಿಸಿ. ಚಿನ್ನದ ಧೂಳಿನಂತೆ ಸ್ವಲ್ಪ ಮಿನುಗಿದರೆ ವಯಸ್ಸಿನ ಲಕ್ಷಣ. ಕುಂಕುಮದ ಭರಣಿ ಚೆಲ್ಲಿದ ಹಾಗೆ ದಟ್ಟವಾಗಿದ್ದರೆ ರಿಂಗಿನ ಆಯಸ್ಸು ಮುಗಿಯುತ್ತಾ ಬಂದಿದೆ.

ಡ್ರೇನ್ ಪ್ಲಗ್ ಬಿಗಿಸಲು 40ರಿಂದ 58 ನ್ಯೂಟನ್ ಮೀಟರ್, ತುಂಬುವ ಪ್ಲಗ್‌ಗೆ 25ರಿಂದ 39. ಪೆಟ್ಟಿಗೆ ಅಲ್ಯೂಮಿನಿಯಂ, ಜೋರು ಮಾಡಿದರೆ ಪ್ಲಗ್ ಕೂರುವ ರಂಧ್ರದ ಥ್ರೆಡ್ ಕಿತ್ತು ಬರುತ್ತದೆ. ಪೈಪನ್ನು ಎಂಜಿನ್ ಕಡೆಯಿಂದ ಇಳಿಬಿಟ್ಟು ತುದಿಯನ್ನು ರಂಧ್ರಕ್ಕೆ ಸಿಕ್ಕಿಸಿ, ಮೇಲೆ ಆಲಿಕೆ ಇಟ್ಟು ಸುರಿಯಿರಿ. ಡಬ್ಬಿಯನ್ನು ಹತ್ತು ನಿಮಿಷ ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟಿದ್ದರೆ ಸರಸರ ಇಳಿಯುತ್ತದೆ. ರಂಧ್ರದಿಂದ ಹೊರಗೆ ತುಳುಕಿದಾಗ ನಿಲ್ಲಿಸಿ, ತೊಟ್ಟಿಕ್ಕುವುದು ನಿಂತ ಮೇಲೆ ಪ್ಲಗ್ ಹಾಕಿ. ಇನ್ನೂ ಸ್ವಲ್ಪ ಇರಲಿ ಎಂದು ಹಿಂಭಾಗ ತಗ್ಗಿಸಿ ಹೆಚ್ಚು ತುಂಬಬೇಡಿ. ಹೆಚ್ಚಾದ ಎಣ್ಣೆಯನ್ನು ಗೇರುಗಳು ಕಡೆದು ನೊರೆ ಮಾಡುತ್ತವೆ, ಸೀಲಿನಿಂದ ಸೋರುತ್ತದೆ.

ಮೂರನೇ ಲೀಟರ್ ಯಾಕೆ ಅಂದೆನಲ್ಲ. ಐದು ಗೇರಿನ ಪೆಟ್ಟಿಗೆಯಲ್ಲಿ ಲಿವರ್‌ನ ಬುಡ ಒಂದು ಪ್ರತ್ಯೇಕ ಗೂಡಿನಲ್ಲಿ ಕೂತಿದೆ, ಅದಕ್ಕೆ ತನ್ನದೇ 80ರಿಂದ 95 ಮಿ.ಲೀ. ಎಣ್ಣೆ. ಕೆಳಗಿನಿಂದ ಎಷ್ಟೇ ಬದಲಿಸಿದರೂ ಅಲ್ಲಿಗೆ ಹೊಸ ಎಣ್ಣೆ ಹೋಗುವುದಿಲ್ಲ. ಗ್ಯಾರೇಜಿನವರೂ ಇದನ್ನು ಮುಟ್ಟುವುದು ಕಡಿಮೆ. ಒಳಗಿನಿಂದ ಕನ್ಸೋಲ್ ಬಿಚ್ಚಿ, ಮೇಲಿನ ರಬ್ಬರ್ ಎತ್ತಿ, ಲಿವರ್ ಹಿಡಿದಿರುವ ಮೂರು ಬೋಲ್ಟ್ ತೆಗೆದರೆ ಲಿವರ್ ಕೈಗೆ ಬರುತ್ತದೆ. ಕೆಳಗೆ ಡಾಂಬರಿನಂಥ ಕಪ್ಪು ಕೆಸರು ಕಾಣುತ್ತದೆ, ಕೆಲವೊಮ್ಮೆ ಒಣಗಿದ ಗೂಡು. ಸಿರಿಂಜಿನಿಂದ ಎಳೆದು, ಬಟ್ಟೆಯಿಂದ ಒರೆಸಿ, ಹೊಸ ಎಣ್ಣೆ ಹಾಕಿ. ಲಿವರ್ ತುದಿಯ ನೈಲಾನ್ ಬುಷ್ ಸವೆದಿದ್ದರೆ, ಸಣ್ಣ ರಬ್ಬರ್ ಟೊಪ್ಪಿಗೆ ಹರಿದಿದ್ದರೆ ಈಗಲೇ ಬದಲಿಸಿ. ಆ ಟೊಪ್ಪಿಗೆ ಹರಿದಾಗಲೇ ಸೀಟಿನ ನಡುವೆ ಬಿಸಿಗಾಳಿ, ಗೇರಿನ ಕುಯ್‌ಗುಟ್ಟುವಿಕೆ ಒಳಗೆ ಬರುವುದು. ಲಿವರ್ ಚಲನೆ ನುಣುಪಾಗುವುದು, ಅಲ್ಲಾಟ ನಿಲ್ಲುವುದು ಈ ಗೂಡಿನ ಕೆಲಸದಿಂದ. ಎರಡು ಲೀಟರ್ ದುಬಾರಿ ಎಣ್ಣೆಗೆ ಸಲ್ಲುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಈ ನೂರು ಮಿಲಿಯದ್ದು, ಎರಡನ್ನೂ ಒಂದೇ ದಿನ ಮಾಡಿದವರಿಗೆ ಅದು ಗೊತ್ತಾಗುವುದಿಲ್ಲ ಅಷ್ಟೇ.

ನಿಜವಾದ ಬದಲಾವಣೆ ಅಳೆಯಬೇಕೆಂದಿದ್ದರೆ ಬದಲಿಸುವ ಮೊದಲು ಮೂರು ಬೆಳಿಗ್ಗೆ ಬರೆದಿಡಿ: ಹೊರಗಿನ ಉಷ್ಣಾಂಶ, ಎರಡನೇ ಗೇರ್ ತಕರಾರಿಲ್ಲದೆ ಬೀಳಲು ಹಿಡಿದ ನಿಮಿಷ, 3,000 ಆರ್‌ಪಿಎಂನಲ್ಲಿ ಎರಡೇ ಬೆರಳಿನ ಒತ್ತಡಕ್ಕೆ ಬಿತ್ತೋ ಇಲ್ಲವೋ. ಬದಲಿಸಿದ ಮೇಲೆ ಅಂಥದೇ ಮೂರು ಬೆಳಿಗ್ಗೆ. ಹಳೆಯ ಎಣ್ಣೆ ಸಂಪೂರ್ಣ ಇಳಿದಿರುವುದಿಲ್ಲ, ಮೂಲೆಗಳಲ್ಲಿ ಉಳಿದದ್ದು ಹೊಸದಕ್ಕೆ ಬೆರೆಯುತ್ತದೆ. ಜಿಎಲ್-5 ತೆಗೆದು ಜಿಎಲ್-4 ಹಾಕಿದವರು ಮೊದಲ ದಿನವೇ ತೀರ್ಪು ಕೊಡದೆ ಕೆಲವು ನೂರು ಕಿ.ಮೀ. ಓಡಿಸಲಿ.

ತೆಳು ಎಣ್ಣೆಗೆ ಹೋದವರಿಗೆ ಒಂದು ಎಚ್ಚರಿಕೆ. ಚಳಿಯ ತಕರಾರು ಹೋಗುತ್ತದೆ, ಲಿವರ್ ಚುರುಕಾಗುತ್ತದೆ, ಬದಲಿಗೆ ನ್ಯೂಟ್ರಲ್‌ನಲ್ಲಿ ನಿಂತಾಗ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಹೆಚ್ಚಬಹುದು. ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಅದು ಗೇರಿನ ಹಲ್ಲುಗಳ ನಡುವಿನ ಸಂದಿನ ಸದ್ದು, ಗಟ್ಟಿ ಎಣ್ಣೆ ಅದನ್ನು ಮುಚ್ಚಿಟ್ಟಿತ್ತು. ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವವರು ಮಾತ್ರ 75ಡಬ್ಲ್ಯೂ-80 ಬೇಡ, 90ರಲ್ಲೇ ಇರಿ. ಅಲ್ಲಿಯ ಬಿಸಿಗೆ ಪೊರೆ ತೆಳುವಾಗಿ ಹಲ್ಲು, ಬೇರಿಂಗ್ ಸವೆಯುತ್ತವೆ. ರಸ್ತೆಯ ಓಟಕ್ಕೆ 40ರಿಂದ 50 ಸಾವಿರ ಕಿ.ಮೀ.ಗೆ ಒಮ್ಮೆ ಬದಲಿಸಿದರೆ ಸಾಕು, ಟ್ರ್ಯಾಕ್‌ನವರು ವರ್ಷಕ್ಕೊಮ್ಮೆ.

ಸರಿಯಾದ ಜಿಎಲ್-4 ಹಾಕಿದ್ದೀರಿ, ಕ್ಲಚ್ ಸರಿಯಿದೆ, ಪೆಟ್ಟಿಗೆ ಬಿಸಿಯಾಗಿದೆ, ಆದರೂ ಎರಡನೇ ಗೇರ್ ಕರ್‌ರ್ ಎನ್ನುತ್ತಿದೆ ಅನ್ನಿ. ಡಬಲ್ ಕ್ಲಚ್ ಮಾಡಿ ನೋಡಿ. ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು, ಮತ್ತೆ ಒತ್ತಿ ಹಾಕಿದಾಗ ಮೌನವಾಗಿ ಬಿದ್ದರೆ ಹಲ್ಲುಗಳು ಇನ್ನೂ ಚೆನ್ನಾಗಿವೆ, ರಿಂಗ್ ಮಾತ್ರ ಹೋಗಿದೆ. ಅಂಥ ಪೆಟ್ಟಿಗೆ ಬಿಚ್ಚಿದಾಗ ರಿಂಗನ್ನು ಕೋನ್ ಮೇಲೆ ಒತ್ತಿ, ರಿಂಗಿಗೂ ಗೇರಿಗೂ ನಡುವಿನ ಸಂದನ್ನು ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿಗಳಿಂದ ಸುತ್ತಲೂ ಅಳೆಯುತ್ತಾರೆ. ಹೊಸದರಲ್ಲಿ ಸುಮಾರು 1.5 ಮಿ.ಮೀ. ಇರುತ್ತದೆ. 0.8ಕ್ಕಿಂತ ಕೆಳಗಿಳಿದಿದ್ದರೆ ರಿಂಗ್ ಬದಲಿಸಲೇಬೇಕು. ಅಲ್ಲಿಯವರೆಗೆ ತಣ್ಣಗಿರುವಾಗ ಎರಡನೆಯದಕ್ಕೆ ಲಿವರನ್ನು ಒತ್ತದೆ, ರಿಂಗಿನ ಮೇಲೆ ಮೆಲ್ಲಗೆ ಆನಿಸಿ ಹಿಡಿದು, ಅದು ತಾನಾಗಿ ಒಳಗೆಳೆದುಕೊಳ್ಳುವವರೆಗೆ ಕಾಯಿರಿ.